ನಿನ್ನ ಕಣ್ಣು ಸರಿಯಾಗೇ ಇದೆ ಪುಟ್ಟಿ

ಶಿಡ್ಲಘಟ್ಟ

ಪ್ರೀತಿಯ ಪುಟ್ಟಿ,

ಊರಿನ ಸುದ್ದಿ ನಿಮ್ಮಪ್ಪ ಹೇಳಿರುತ್ತಾನೆ, ಅದು ಬಿಡು. ಲ್ಯಾಬಿನಲ್ಲಿ ಗಂಡು ಮೀನು ಹೆಣ್ಣು ಮೀನು ಬೇರೆ ಮಾಡುವ ಕೆಲಸದ ಬಗ್ಗೆ ನಿನ್ನ ಕಾಗದದಲ್ಲಿದ್ದ ಒಂದು ಸಾಲು ನನಗೆ ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ‘ಗಂಡು ಮೀನಿನ ತೊಟ್ಟಿಯ ತಳದಲ್ಲಿ ಮೊಟ್ಟೆ ಸಿಕ್ಕಿತು ಅತ್ತೆ. ರಿಸರ್ಚ್ ಗೈಡಿಗೆ ಇನ್ನೂ ಹೇಳಿಲ್ಲ. ಈ ಕೆಲಸಕ್ಕೆ ನನ್ನ ಕಣ್ಣೇ ಸರಿಯಿಲ್ಲವೇನೋ’ ಅಂತ ಬರೆದಿದ್ದೀಯಲ್ಲ, ಅದು.

ಈ ಕಣ್ಣು ಹುಟ್ಟಿನಿಂದ ಬರುವುದಲ್ಲ ಕಣೇ. 1988ರಲ್ಲಿ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಗ್ರೈನೇಜಿಗೆ ಸೇರಿದಾಗ ನನಗೂ ಎಲ್ಲ ಪ್ಯೂಪಾಗಳೂ, ಅಂದರೆ ಗೂಡಿನೊಳಗಿನ ಕೋಶಗಳೂ, ಒಂದೇ ಥರ ಕಾಣುತ್ತಿದ್ದವು. ಹೆಣ್ಣಾದರೆ ಹೊಟ್ಟೆಯ ಕಡೆ ಎಂಟನೇ ಉಂಗುರದಲ್ಲಿ ಇಂಟು ಗುರುತಿನಂಥ ಗೆರೆ. ಗಂಡಾದರೆ ಒಂಬತ್ತನೆಯದರಲ್ಲಿ ಸಣ್ಣ ಚುಕ್ಕೆ. ಇಷ್ಟೇ ವಿದ್ಯೆ. ಆದರೂ ಅದು ಕೈಗೆ ಹತ್ತಲು ತಿಂಗಳುಗಟ್ಟಲೆ ಬೇಕಾಯಿತು.

ನಿನ್ನ ಜೀಬ್ರಾ ಮೀನು ಇನ್ನೂ ಕಷ್ಟ. ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲೂ ಅವೇ ಇವೆ, ನಿನಗೆ ಗೊತ್ತಲ್ಲ. ನೀನು ಬರೀ ಹೊಟ್ಟೆ ನೋಡಿ ಬೇರೆ ಮಾಡಿದ್ದೀಯ ಅನ್ನಿಸುತ್ತೆ. ಹೊಟ್ಟೆ ಮೋಸ ಮಾಡುತ್ತೆ. ಆಗಷ್ಟೇ ಮೊಟ್ಟೆ ಇಟ್ಟ ಹೆಣ್ಣು ಗಂಡಿನ ಹಾಗೇ ಸಪೂರ. ಜಾಸ್ತಿ ತಿಂದ ಗಂಡು ದುಂಡಗೆ. ಬಣ್ಣ ನೋಡು. ಗಂಡಿಗೆ ನೀಲಿ ಪಟ್ಟೆಗಳ ನಡುವೆ ಹೊಂಬಣ್ಣ, ಕೆಳಗಿನ ಹಿಂಬದಿ ರೆಕ್ಕೆಯಲ್ಲೂ ಹಳದಿ. ಹೆಣ್ಣಿಗೆ ಅದೇ ಜಾಗ ಬೆಳ್ಳಿಯ ಹಾಗೆ ಪೇಲವ. ಆ ರೆಕ್ಕೆಯ ಮುಂದೆ ಹೆಣ್ಣಿಗೊಂದು ಸಣ್ಣ ಮೊಗ್ಗಿನಂಥ ಉಬ್ಬೂ ಇರುತ್ತೆ. ಲ್ಯಾಬಿನವಳಿಗೆ ನಾನೇನು ಹೇಳಲಿ, ಆದರೂ ಬರೆದೆ.

ಮೂರು ತಿಂಗಳು ತುಂಬದ ಮರಿಗಳಾದರೆ ನನಗೂ ತಿಳಿಯುವುದಿಲ್ಲ. ಎಲ್ಲ ಮರಿಗೂ ಮೊದಲು ಅಂಡಾಶಯದಂಥದ್ದೇ ಬೆಳೆಯುತ್ತೆ, ಆಮೇಲೆ ಕೆಲವು ಗಂಡಾಗುತ್ತವೆ ಅಂತ ನೀನೇ ಫೋನಿನಲ್ಲಿ ಹೇಳಿದ್ದೆ. ಮೀನಿಗೇ ಅಷ್ಟು ದಿನ ಬೇಕು. ನಿನ್ನ ಕಣ್ಣನ್ನು ಯಾಕೆ ಬೈಯುತ್ತೀಯ?

ಆ ಮಾತು ನಾನು ಮೊದಲೂ ಕೇಳಿದ್ದೇನೆ ಪುಟ್ಟಿ. ಮನೆಯಲ್ಲಿ ಯಾರಿಗೂ ಇದು ಹೇಳಿಲ್ಲ.

ಒಂದು ತಳಿಯ ಹೆಣ್ಣಿಗೆ ಇನ್ನೊಂದು ತಳಿಯ ಗಂಡು ಕೂಡಿಸಬೇಕು, ಅದು ನಮ್ಮ ಕೆಲಸ. ನಿಮ್ಮಜ್ಜಿಗೆ ಜ್ವರ ಬಂದಿದ್ದ ಸಂಜೆ, ಬಸ್ಸಿಗೆ ಹೊತ್ತಾಯಿತು ಅಂತ ನಾನು ಕೊನೆಯ ತಟ್ಟೆಯ ಪ್ಯೂಪಾಗಳನ್ನು ಗಂಡು ಹೆಣ್ಣು ಅಂತ ಗಡಿಬಿಡಿಯಲ್ಲಿ ಬೇರೆ ಮಾಡಿ ಮುಗಿಸಿದೆ. ಬೆಳಗಿನ ಜಾವ ಚಿಟ್ಟೆ ಹೊರಬಂದವು. ಹೆಣ್ಣಿನ ತಟ್ಟೆಯಲ್ಲಿ ಅದೇ ತಳಿಯ ಗಂಡುಗಳು ಆಗಲೇ ಜೋಡಿ ಕಟ್ಟಿದ್ದವು. ಬೈಗುಳ ಬಿದ್ದಿದ್ದು ಹೊಸದಾಗಿ ಸೇರಿದ್ದ ಹುಡುಗಿಗೆ. ನಾನು ಬಾಯಿ ಬಿಡಲಿಲ್ಲ. ಕೈ ತೊಳೆಯುವ ನಲ್ಲಿಯ ಹತ್ತಿರ ಅವಳು ಅಳುತ್ತಾ, ‘ನನ್ನ ಕಣ್ಣೇ ಸರಿಯಿಲ್ಲವೇನೋ ಅಕ್ಕ’ ಅಂದಳು. ಆಗಲೂ ಹೇಳಲಿಲ್ಲ. ಆ ವಾರವೇ ಕೆಲಸ ಬಿಟ್ಟಳು. ಅವಳ ಕಣ್ಣು ನನ್ನದಕ್ಕಿಂತ ಚುರುಕಾಗಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ಗೈಡಿಗೆ ನಾಳೆಯೇ ಹೇಳಿಬಿಡು. ನಿನ್ನ ತೊಟ್ಟಿಗಳಲ್ಲಿ ಇನ್ಯಾರೋ ಕೆಲಸ ಮಾಡುತ್ತಿರಬಹುದು, ಅಲ್ವಾ? ಅನುಮಾನ ಬಂದ ಮೀನಿಗೆ ಮೂರನೇ ತೊಟ್ಟಿ ಇಡು. ಸಂಜೆ ಅದರ ಜೊತೆ ಗೊತ್ತಿರುವ ಗಂಡೊಂದನ್ನು ಬಿಡು, ನಡುವೆ ತಡೆ ಹಾಕು. ಬೆಳಕು ಬಂದಾಗ ತಡೆ ತೆಗೆ. ಮೊಟ್ಟೆ ಬಿದ್ದರೆ ಅದು ಹೆಣ್ಣೇ. ಬೀಳದಿದ್ದರೆ ಗಂಡು ಅಂತ ಬರೆದುಕೊಳ್ಳಬೇಡ, ಇನ್ನೊಂದು ವಾರ ಬಿಟ್ಟು ನೋಡು.

ಗೈಡ್ ಹತ್ತಿರ ಮಾತಾಡಿದ ಮೇಲೆ ಒಂದು ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ಅತ್ತೆ