ರಿಪೋರ್ಟ್‌ನ ಒಂದು ಪ್ರತಿ ಕಾರ್ಮಿಕನ ಕೈಯಲ್ಲಿರಲಿ

ಪ್ರೀತಿಯ ಪುಟ್ಟಿ,

ಸೇಫ್ಟಿ ಆಫೀಸರ್ ಕೆಲಸಕ್ಕೆ ಸೇರುವ ಮುಂಚೆ ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆಯ ವಿಷಯ ನಿನಗೆ ಗೊತ್ತಿರಬೇಕು. ಅಮೆರಿಕದ ವಾಟರ್‌ಟೌನ್‌ನಲ್ಲಿದ್ದ ಅದನ್ನು ಎಂಬತ್ತರ ದಶಕದಲ್ಲಿ ಬೆಟ್ಟಕ್ಕೆ ತಂದರು. ಆಮೇಲೆ ಹಿಂದೂಸ್ತಾನ್ ಲೀವರ್ ಕೈಗೆ ಬಂತು. 2001ರ ಮಾರ್ಚ್‌ನಲ್ಲಿ ಊರಿನ ಗುಜರಿ ಅಂಗಡಿಯಲ್ಲಿ ಪಾದರಸ ಮೆತ್ತಿದ ಒಡಕು ಗಾಜು ಟನ್‌ಗಟ್ಟಲೆ ಸಿಕ್ಕಿತು, ಕಾರ್ಖಾನೆ ಮುಚ್ಚಿತು.

ಪಾದರಸ ನುಂಗಿದರೆ ಮೈಗೆ ಹತ್ತುವುದು ತೀರಾ ಕಡಿಮೆ. ಉಸಿರಲ್ಲಿ ಎಳೆದುಕೊಂಡ ಆವಿಯಲ್ಲಾದರೆ ನೂರಕ್ಕೆ ಎಂಬತ್ತು ಪಾಲು ಒಳಗೇ ಉಳಿಯುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸುವುದೂ ಬೇಡ, ಸುಮ್ಮನೆ ಚೆಲ್ಲಿದ್ದರೂ ಆವಿಯಾಗುತ್ತೆ. ಜ್ವರದ ಒಂದು ಥರ್ಮಾಮೀಟರಿನಲ್ಲಿರುವುದು ಸುಮಾರು ಒಂದು ಗ್ರಾಂ. ಆದರೆ ಒಡೆದದ್ದನ್ನು ಪೊರಕೆಯಲ್ಲಿ ಗುಡಿಸಿದರೆ ಪಾದರಸದ ಗುಂಡು ಸಾಸಿವೆಗಿಂತ ಸಣ್ಣ ಹನಿಗಳಾಗಿ ನೆಲದ ಬಿರುಕಿಗೆ ಇಳಿದು ತಿಂಗಳುಗಟ್ಟಲೆ ಆವಿ ಬಿಡುತ್ತೆ. ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಶೆಡ್ ತುಂಬ ಹರಡುತ್ತೆ. ಬಟ್ಟೆಗೆ ಅಂಟಿ ಮನೆಗೂ ಬರುತ್ತೆ, ಮಕ್ಕಳ ಹಾಸಿಗೆ ತನಕ. ಯೂನಿಫಾರ್ಮ್ ಕಾರ್ಖಾನೆಯಲ್ಲೇ ಒಗೆಸಲೇಬೇಕು.

ಅನ್ಯಾಯ ನಡೆಯುವುದು ಮಾತ್ರ ಲೆಕ್ಕದಲ್ಲಿ. ಮೂತ್ರದ ಪಾದರಸ ಸುಮಾರು ಎರಡು ತಿಂಗಳಿಗೊಮ್ಮೆ ಅರ್ಧಕ್ಕಿಳಿಯುತ್ತೆ. ಕೆಲಸ ಬಿಟ್ಟು ವರ್ಷವಾದರೆ ಉಳಿಯುವುದು ಅರವತ್ತನಾಲ್ಕರಲ್ಲಿ ಒಂದು ಪಾಲು. ಕೈನಡುಕ, ಮರೆವು, ಕಿಡ್ನಿ ತೊಂದರೆ ಉಳಿದಿದ್ದರೂ ರಿಪೋರ್ಟ್ ನಾರ್ಮಲ್ ಅನ್ನುತ್ತೆ. ಕೆಲಸ ಮಾಡುತ್ತಿದ್ದಾಗಿನ ಕಾಗದ ಕೈಯಲ್ಲಿಲ್ಲದವರು ಏನು ತೋರಿಸಿ ವಾದಿಸಬೇಕು? ಕೊಡೈಕೆನಾಲ್‌ನವರು ಮದ್ರಾಸ್ ಹೈಕೋರ್ಟಿಗೆ ಹೋದರು. 591 ಮಾಜಿ ಕಾರ್ಮಿಕರು ಮತ್ತು ಕುಟುಂಬಗಳಿಗೆ ಪರಿಹಾರದ ಒಪ್ಪಂದವಾದದ್ದು 2016ರಲ್ಲಿ. ಆಗಲೂ ಕಂಪನಿ, ಹಾನಿಗೆ ಪುರಾವೆಯಿಲ್ಲ, ಮಾನವೀಯತೆಯಿಂದ ಕೊಡುತ್ತಿದ್ದೇವೆ ಎಂದಿತು. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಹಾಗಾಗಿ ಯಾರನ್ನೇ ಸೇರಿಸಿಕೊಳ್ಳಲಿ, ಮೊದಲ ದಿನಕ್ಕೆ ಮುಂಚೆಯೇ ಒಂದು ಮೂತ್ರ ಪರೀಕ್ಷೆ ಮಾಡಿಸು, ಆಮೇಲಿನ ಏರಿಕೆ ಅಳೆಯುವುದು ಅದರಿಂದಲೇ. ಮಾದರಿ ಕೊಡುವ ಮುಂಚೆ ಕೈ ತೊಳೆದು ಬಟ್ಟೆ ಬದಲಿಸಲಿ. ಇಲ್ಲದಿದ್ದರೆ ಬಟ್ಟೆಯ ಪಾದರಸ ಬಾಟಲಿಗೆ ಬಿದ್ದು, ಫಲಿತಾಂಶವನ್ನೇ ತಳ್ಳಿಹಾಕಲು ನೆಪವಾಗುತ್ತೆ. ತುಂಬ ನೀರು ಕುಡಿದವರ ಮೂತ್ರ ತೆಳುವಾಗಿ ಅಂಕಿ ಕಡಿಮೆ ತೋರುವುದರಿಂದ ಮೂತ್ರದಲ್ಲಿ ಸಹಜವಾಗಿಯೇ ಇರುವ ಕ್ರಿಯಾಟಿನಿನ್ ಅನ್ನೋ ತ್ಯಾಜ್ಯವನ್ನೂ ಜೊತೆಗೆ ಅಳೆಸು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 20 ಮೈಕ್ರೋಗ್ರಾಂ ಪಾದರಸ ದಾಟಿದವರನ್ನು ಆ ಜಾಗದಿಂದ ಬಿಡಿಸು, ಸಂಬಳ ಕತ್ತರಿಸದೆ. ಗಾಳಿಯ ಪಾದರಸ ಅಳೆಯುವ ಪಂಪನ್ನು ಫ್ಯಾನ್ ಪಕ್ಕ ಇಡಬೇಡ, ಕೆಲಸಗಾರರ ಸೊಂಟಕ್ಕೆ ಕಟ್ಟಿ ಅದರ ಕೊಳವೆಯನ್ನು ಕಾಲರಿಗೇ ಸಿಕ್ಕಿಸು.

ಗುತ್ತಿಗೆಯವರ ಹೆಸರು ರಿಜಿಸ್ಟರಿನಿಂದ ಬಿಟ್ಟುಹೋಗದಂತೆ ನೋಡಿಕೋ. ಗುಡಿಸುವವರು ಅವರೇ ತಾನೆ.

ನಿನ್ನ ಅಮ್ಮ