ಕ್ಯಾತ್ಸಂದ್ರದ ಆ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಕೇಳಲೇ ಇಲ್ಲ ನಾನು. ಹೋದ ಭಾನುವಾರ ತುಮಕೂರಿನ ಕ್ಯಾತ್ಸಂದ್ರದಲ್ಲಿ, ಮನೆ ಮುಂದೆ ಬೈಕ್ ಪಕ್ಕ ಮಲಗಿ, ಇಂಜಿನ್ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಜೊತೆ ಗುದ್ದಾಡುತ್ತಿದ್ದವನು ನಾನೇ. ಹಾಲಿನ ಕ್ಯಾನ್ ಹಿಡಿದು ಹೋಗುತ್ತಿದ್ದ ನೀವು ನಿಂತು, "ಇನ್ನೂ ಬಿಗಿ ಮಾಡಬೇಡಪ್ಪ. ಬೋಲ್ಟ್ ಕೂರೋ ಜಾಗ ಅಲ್ಯೂಮಿನಿಯಂ, ಥ್ರೆಡ್ ಹೋಗುತ್ತೆ" ಅಂದಿರಿ. ಅಷ್ಟರಲ್ಲಿ ವಾಷರ್ ಕೂಡ ಬದಲಿಸಿದ್ದೆ. ಆಯಿಲ್ ಮಾತ್ರ ತೊಟ್ಟಿಕ್ಕುತ್ತಲೇ ಇತ್ತು.

ತಣ್ಣಗಿದ್ದ ಇಂಜಿನ್ ಅನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಲು ಹೇಳಿದಿರಿ. ಸೋಪಿನ ನೀರಲ್ಲಿ ತೊಳೆದು ಒಣಗಿಸಿದ ಮೇಲೆ ಮುಖದ ಪೌಡರ್ ಉದುರಿಸಿ, ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟೆವು. (ಪೌಡರ್ ಡಬ್ಬಿಯನ್ನು ಮನೆಯವಳು ಇನ್ನೂ ಹುಡುಕುತ್ತಿದ್ದಾಳೆ.) ನೋಡಿದರೆ ಪೌಡರ್ ಒದ್ದೆಯಾಗಿದ್ದು ಮೇಲೆ, ಇಂಜಿನ್ ತಲೆಯ ಮುಚ್ಚಳವಾದ ಟ್ಯಾಪೆಟ್ ಕವರ್ ಅಂಚಿನಲ್ಲಿ! ಅಲ್ಲಿಂದ ಇಳಿದ ಆಯಿಲ್ ಬೋಲ್ಟ್ ಹತ್ತಿರ ಬಂದು ತೊಟ್ಟಿಕ್ಕುತ್ತಿತ್ತು. ಏನೂ ತಪ್ಪು ಮಾಡದ ಬೋಲ್ಟನ್ನು ಸುಮ್ನೆ ಹಿಂಸೆ ಮಾಡುತ್ತಿದ್ದೆ, ಅಲ್ವಾ?

ಕವರ್‌ನ ರಬ್ಬರ್ ಓ ರಿಂಗ್ ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಹೊಸದು ಹಾಕಿದೆ. ಕೆಳಗೆ ಹಾಸಿದ ರಟ್ಟು ನಾಲ್ಕು ದಿನದಿಂದ ಒಣಗೇ ಇದೆ.

ತುಂಬಾ ಥ್ಯಾಂಕ್ಸ್ ಅಣ್ಣಾ. ಅವತ್ತು ಹಾಲು ಕೆಡುತ್ತೆ ಅಂತ ಕಾಫಿನೂ ಕುಡಿಯದೆ ಹೊರಟಿರಿ. ಮತ್ತೆ ಈ ಬೀದಿಗೆ ಬಂದರೆ ಅದೇ ಹಸಿರು ಗೇಟು, ಒಂದು ಕೂಗು ಹಾಕಿ.