ಮೆಮೊರಿಯೋ, ಹೊಸ ವಿಂಡೋಸೋ: ಸೋದರ ಸೊಸೆಗೆ ಒಂದು ಪತ್ರ

ಚಿ. ಪುಟ್ಟಿಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಾವನ ಮಂಡಿನೋವು ಮಾತ್ರ ಹೋಗುವುದೂ ಇಲ್ಲ, ಹೆಚ್ಚುವುದೂ ಇಲ್ಲ. ನೀನು ಟೈಪಿಂಗ್ ಅಂಗಡಿ ತೆರೆದ ಸುದ್ದಿಯನ್ನು ಅಣ್ಣ ಹೇಳಿದಾಗಿನಿಂದ ಬರೆಯಬೇಕೆಂದಿದ್ದೆ. ಈಗ ನೀನೇ ಪ್ರಶ್ನೆ ಕೇಳಿದ್ದೀಯೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯೆ, ಉಳಿದರ್ಧವನ್ನು ರಿಪೇರಿಯವನು ಮರೆಸುತ್ತಾನೆ. ಅದಕ್ಕೇ ಕಾಗದದ ಮೇಲೆ ಇರಲಿ.

ಕಂಪ್ಯೂಟರ್ ತೆವಳುತ್ತಿದೆ. ಒಬ್ಬ ರಿಪೇರಿಯವನು ಮೆಮೊರಿ (ರ್ಯಾಮ್) ಹೆಚ್ಚಿಗೆ ಹಾಕಿಸಿ ಎನ್ನುತ್ತಾನೆ, ಇನ್ನೊಬ್ಬ ವಿಂಡೋಸ್ 11 ಹಾಕಿಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾನೆ. ಇರುವ ದುಡ್ಡಿನಲ್ಲಿ ಎರಡರಲ್ಲಿ ಒಂದು ಮಾತ್ರ ಆದೀತು, ಯಾವುದು ಎಂದು ಕೇಳಿದ್ದೀಯೆ. ಮೆಮೊರಿ ಹಾಕಿಸು. ಆದರೆ ಬರೀ ಮೆಮೊರಿ ತಂದು ಸಿಕ್ಕಿಸಿದರೆ ನಿನ್ನ ಯಂತ್ರಕ್ಕೆ ನಯಾಪೈಸೆಯ ಪ್ರಯೋಜನವಿಲ್ಲ. ಏಕೆ ಎನ್ನುವುದನ್ನು ವಿವರವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಕಂಪ್ಯೂಟರಿನ ವಿವರಗಳಿರುವ ಪರದೆಯದೆಂದು ನೀನು ಕಳಿಸಿದ ಫೋಟೊವನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಪ್ರೊಸೆಸರ್ ಇಂಟೆಲ್ ಐ3, ನಾಲ್ಕನೇ ತಲೆಮಾರು. ಮೆಮೊರಿ 4 ಜಿಬಿ ಎಂದಿದೆ, ಅದರ ಪಕ್ಕದ ಕಂಸದಲ್ಲಿ ಬಳಕೆಗೆ ಸಿಗುವುದು ಮೂರು ಚಿಲ್ಲರೆ ಎಂದಿದೆ. ಅದರ ಕೆಳಗಿನ ಸಾಲು ನೋಡಿದೆಯಾ? 32 ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಪ್ರೊಸೆಸರ್. ನಿನ್ನ ಅಂಗಡಿಗೆ ಬಂದ ಇಬ್ಬರು ಜಾಣರೂ ಓದದ ಸಾಲು ಅದು. ಪ್ರೊಸೆಸರ್ 64 ಬಿಟ್‌ನದು, ಅದರ ಮೇಲೆ ಕೂರಿಸಿರುವ ವಿಂಡೋಸ್ 10 ಮಾತ್ರ 32 ಬಿಟ್‌ನದು. ಹಿಂದೆ ಯಾರೋ ಕೈಗೆ ಸಿಕ್ಕಿದ ಡಿಸ್ಕ್ ಹಾಕಿ ಹೋಗಿದ್ದಾರೆ. 32 ಬಿಟ್ ವಿಂಡೋಸ್ ಗುರುತಿಸಬಲ್ಲ ಮೆಮೊರಿ ವಿಳಾಸಗಳು ಒಟ್ಟು 429 ಕೋಟಿ ಚಿಲ್ಲರೆ, ವಿಳಾಸಕ್ಕೊಂದು ಬೈಟ್ ಎಂದರೆ ಸರಿಯಾಗಿ 4 ಜಿಬಿ. ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮುಂತಾದ ಯಂತ್ರಾಂಶಗಳ ವಿಳಾಸಕ್ಕೆ ಹೋಗುತ್ತದೆ. ನೀನು ಇದರ ಮೇಲೆ ಇನ್ನೊಂದು 4 ಜಿಬಿ ಕಡ್ಡಿ ಸಿಕ್ಕಿಸಿದರೂ ಅದೇ ಮೂರು ಚಿಲ್ಲರೆಯೇ ಉಳಿಯುತ್ತದೆ. ದುಡ್ಡು ಕೊಟ್ಟು ತಂದದ್ದು ಕ್ಯಾಬಿನೆಟ್ಟಿನೊಳಗೆ ಸುಮ್ಮನೆ ಬಿಸಿಯಾಗುತ್ತಾ ಕೂತಿರುತ್ತದೆ.

ಹಾಗಾಗಿ ನೀನು ಕೇಳಿದ ಹಾಗೆ ಇದು ಅದೋ ಇದೋ ಎನ್ನುವ ಪ್ರಶ್ನೆಯಲ್ಲ. ಮೆಮೊರಿ ಹೆಚ್ಚಿಸು, ಜೊತೆಗೆ ಅದೇ ವಿಂಡೋಸ್ 10ರ 64 ಬಿಟ್ ಆವೃತ್ತಿಯನ್ನು ಹೊಸದಾಗಿ ಹಾಕಿಸು. ಅಸಲಿ ಪರವಾನಗಿ ಇದ್ದರೆ ಅದೇ ಪರವಾನಗಿ 64 ಬಿಟ್‌ಗೂ ನಡೆಯುತ್ತದೆ, ಮತ್ತೆ ಕೊಳ್ಳಬೇಕಾಗಿಲ್ಲ. ಒಂದು ತೊಂದರೆಯೆಂದರೆ 32ರಿಂದ 64ಕ್ಕೆ ಇದ್ದಂತೆಯೇ ಏರಿಸಲು ಬರುವುದಿಲ್ಲ, ಡಿಸ್ಕ್ ಒರೆಸಿ ಮೊದಲಿನಿಂದ ಹಾಕಬೇಕು. ಗಿರಾಕಿಗಳ ಫೈಲು, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದ ಫಾಂಟುಗಳು, ಲಗ್ನಪತ್ರಿಕೆಯ ಮಾದರಿಗಳು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಎಲ್ಲವನ್ನೂ ಮೊದಲು ಹೊರಗಿನ ಡಿಸ್ಕಿಗೆ ನಕಲು ಮಾಡಿಕೋ. ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲುಗಳನ್ನು ಮರೆಯಬೇಡ. ಎಲ್ಲರೂ ಕಳೆದುಕೊಳ್ಳುವುದು ಅವನ್ನೇ.

ಮೆಮೊರಿಯೇ ಏಕೆ ಎಂಬುದಕ್ಕೆ ನನ್ನ ಮಾತನ್ನು ನಂಬಬೇಡ, ಯಂತ್ರವನ್ನೇ ಕೇಳು. ಅಂಗಡಿಯಲ್ಲಿ ಜನ ತುಂಬಿರುವ ಹೊತ್ತಿನಲ್ಲಿ, ಸೇವಾ ಸಿಂಧು ಒಂದು ಕಡೆ, ಪಹಣಿ ತೆಗೆಯುವ ಪುಟ ಒಂದು ಕಡೆ, ವಾಟ್ಸಾಪ್, ವರ್ಡ್, ಸ್ಕ್ಯಾನರ್ ಎಲ್ಲ ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತು. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗು. ಮೆಮೊರಿಯ ಗೆರೆ ತಲೆಯ ಮಟ್ಟದಲ್ಲಿ ಮಲಗಿದ್ದು ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿದ್ದರೆ ರೋಗ ಗೊತ್ತಾದಂತೆ. ಮೆಮೊರಿ ಅಂದರೆ ಕೆಲಸದ ಮೇಜು, ಡಿಸ್ಕ್ ಅಂದರೆ ಹಿತ್ತಿಲ ಉಗ್ರಾಣ. ಮೇಜು ಸಾಲದಾದಾಗ ವಿಂಡೋಸ್ ಅಲ್ಲಿದ್ದುದನ್ನು ಎತ್ತಿ ಉಗ್ರಾಣದಲ್ಲಿಟ್ಟು, ಬೇಕಾದಾಗ ಮತ್ತೆ ಹೊತ್ತು ತರುತ್ತದೆ. ನಿನ್ನದು ಸುತ್ತುವ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7200 ಸುತ್ತು ಸುತ್ತಿದರೂ ಚೂರುಪಾರು ದತ್ತಾಂಶವನ್ನು ಅಲ್ಲಲ್ಲಿ ಹುಡುಕಿ ತರುವ ಕೆಲಸ ಸೆಕೆಂಡಿಗೆ ನೂರು ಚಿಲ್ಲರೆ ಸಲ ಮಾತ್ರ ಅದಕ್ಕೆ ಸಾಧ್ಯ. ನೀನು ಮೌಸ್ ಒತ್ತಿ ಗಿರಾಕಿಯ ಮುಖ ನೋಡುತ್ತಾ ಕೂರುವುದು ಆ ಓಡಾಟದ ಹೊತ್ತಿನಲ್ಲಿ. ಅದೇ ಮೆಮೊರಿಯ ಪುಟದಲ್ಲಿ ಮೆಮೊರಿ ಕಡ್ಡಿ ಸಿಕ್ಕಿಸುವ ಸ್ಲಾಟ್ ಎಷ್ಟು ಇವೆ, ಎಷ್ಟು ತುಂಬಿವೆ ಎಂಬುದೂ ಬರೆದಿರುತ್ತದೆ. ಅದನ್ನು ಗುರುತು ಹಾಕಿಕೋ.

ಮೆಮೊರಿಯ ಗೆರೆ ಅರ್ಧದಲ್ಲೇ ಇದ್ದು ಡಿಸ್ಕ್ ಮಾತ್ರ ಒದ್ದಾಡುತ್ತಿದ್ದರೆ ಮಾತು ಬೇರೆ. ಆಗ ಮೆಮೊರಿಗಿಂತ ಮೊದಲು ಬೇಕಾದದ್ದು ಸುತ್ತುವ ಭಾಗವಿಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ. ನಿನ್ನ ಮದರ್‌ಬೋರ್ಡಿನಲ್ಲಿ ಸಾಟಾ ಎಂಬ ಜೋಡಣೆಯ ಎಸ್‌ಎಸ್‌ಡಿಗೆ ಜಾಗವಿದೆ. ನಿಜ ಹೇಳಬೇಕೆಂದರೆ ಹೇಗಿದ್ದರೂ ವಿಂಡೋಸ್ ಮರಳಿ ಹಾಕಿಸುತ್ತೀಯಲ್ಲ, ಒಂದು ಚಿಕ್ಕ ಎಸ್‌ಎಸ್‌ಡಿ ತಂದು ಅದರ ಮೇಲೆಯೇ ಹಾಕಿಸಿ, ಹಳೆಯ ಹಾರ್ಡ್ ಡಿಸ್ಕನ್ನು ಫೈಲಿಡಲು ಉಳಿಸಿಕೊಂಡರೆ ಒಂದೇ ಕೂಲಿಯಲ್ಲಿ ಎರಡು ಕೆಲಸವಾಗುತ್ತದೆ. ದುಡ್ಡು ಸಾಲದಿದ್ದರೆ ಅಣ್ಣನನ್ನು ಕೇಳಬೇಡ, ನನಗೆ ಹೇಳು.

ಇನ್ನು ವಿಂಡೋಸ್ 11. ಹಾಕಿಕೊಡುತ್ತೇನೆ ಎಂದವನು ಸುಳ್ಳು ಹೇಳಿಲ್ಲ, ಹಾಕಲು ದಾರಿಗಳಿವೆ. ಆದರೆ ಅದನ್ನು ಹೊರತಂದ ಮೈಕ್ರೋಸಾಫ್ಟ್ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳನ್ನು ಮಾತ್ರ ಒಪ್ಪುತ್ತದೆ, ಜೊತೆಗೆ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡೂ ಇರಬೇಕು ಎನ್ನುತ್ತದೆ. ನಿನ್ನ ನಾಲ್ಕನೇ ತಲೆಮಾರು ಆ ಪಟ್ಟಿಯಲ್ಲಿಲ್ಲ. ತಪಾಸಣೆ ತಪ್ಪಿಸಿ ಹಾಕಿದ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳನ್ನು ಕೊಡುವ ಹೊಣೆ ನಮ್ಮದಲ್ಲ ಎಂದು ಕಂಪನಿಯೇ ಹೇಳಿದೆ. ಭದ್ರತೆಗೆಂದು ಹೊಸ ವಿಂಡೋಸ್ ಹಾಕಿಸಿ, ಭದ್ರತೆಯ ಅಪ್‌ಡೇಟ್ ಬಂದೀತೋ ಇಲ್ಲವೋ ಎಂದು ಕಾಯುವುದು ಯಾವ ಸುಖಕ್ಕೆ?

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ ಸಾಕು ಎಂದು ಬರೆದಿರುವುದನ್ನು ಆತ ತೋರಿಸಿರಬಹುದು. ಈ ಕನಿಷ್ಠ ಎಂಬ ಲೆಕ್ಕವನ್ನು ನಾನು ವಿಂಡೋಸ್ ವಿಸ್ಟಾ ಕಾಲದಿಂದ ನೋಡಿಕೊಂಡು ಬಂದಿದ್ದೇನೆ. 2007ರಲ್ಲಿ ಅದು ಬಂದಾಗ 512 ಎಂಬಿ ಸಾಕು ಎಂದರು, ಅಷ್ಟೇ ಇದ್ದ ಯಂತ್ರಗಳ ಮೇಲೂ ವಿಸ್ಟಾ ನಡೆಯುತ್ತದೆ ಎಂಬ ಚೀಟಿ ಅಂಟಿಸಿ ಮಾರಿದರು. ಅದಕ್ಕೂ ಹಿಂದಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಲಗುಬಗೆಯಿಂದ ಓಡುತ್ತಿದ್ದ ಕಂಪ್ಯೂಟರುಗಳು ವಿಸ್ಟಾ ಹಾಕಿಸಿಕೊಂಡ ಮೇಲೆ ಒಂದು ಕಿಟಕಿ ತೆರೆಯಲು ಏದುಸಿರು ಬಿಡುತ್ತಿದ್ದವು. ನಮ್ಮ ಅಂಗಡಿಗೆ ಬಂದ ಪುಣ್ಯಾತ್ಮರಲ್ಲಿ ಮುಕ್ಕಾಲು ಮಂದಿ ಎಕ್ಸ್‌ಪಿಯನ್ನೇ ಮರಳಿ ಹಾಕಿಸಿಕೊಂಡು ಹೋದರು. ಯಂತ್ರ ಎದ್ದು ನಿಲ್ಲಲು ಬೇಕಾದ ಲೆಕ್ಕವೇ ಬೇರೆ, ಎದ್ದ ಮೇಲೆ ದುಡಿಯಲು ಬೇಕಾದದ್ದೇ ಬೇರೆ. ಕಂಪನಿಗಳು ಮೊದಲನೆಯದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆಯುತ್ತವೆ.

ಹಾಗೆಂದು ಹಳೆಯದನ್ನೇ ಹಿಡಿದುಕೊಂಡು ಕೂರು ಎನ್ನುತ್ತಿಲ್ಲ. ಹೊಸ ಆಪರೇಟಿಂಗ್ ಸಿಸ್ಟಂ ಬೇಕಾಗುವುದು ವೇಗಕ್ಕಲ್ಲ, ಕಾವಲಿಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೂ ಯಂತ್ರ ನಡೆಯುತ್ತದೆ, ನಿಲ್ಲುವುದಿಲ್ಲ. ಆದರೆ ಹೊಸದಾಗಿ ಕಂಡ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಬಂದಾಗ ನೀನು ಶಾಲೆಯಲ್ಲಿದ್ದೆ. ಜಗತ್ತಿನಾದ್ಯಂತ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ, ಬಿಡಿಸಿಕೊಳ್ಳಲು ಬಿಟ್‌ಕಾಯಿನ್ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಆ ಮಾರ್ಚ್‌ನಲ್ಲೇ ಹೊರಬಂದಿತ್ತು. ಹಾಕಿಕೊಳ್ಳದವರೂ, ಅಪ್‌ಡೇಟ್ ನಿಂತುಹೋಗಿದ್ದ ಹಳೆಯ ವಿಂಡೋಸ್ ಇಟ್ಟುಕೊಂಡವರೂ ಸಿಕ್ಕಿಬಿದ್ದರು.

ನಿನ್ನ ಅಂಗಡಿಯಲ್ಲಿ ಇರುವುದು ನಿನ್ನ ಫೈಲುಗಳಲ್ಲ, ಊರವರದು. ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಅದಕ್ಕಾಗಿ ಕಾವಲಿನ ವಿಷಯದಲ್ಲಿ ನಾನು ನಿನ್ನೊಂದಿಗೆ ಗಟ್ಟಿಯಾಗಿಯೇ ಮಾತಾಡುತ್ತೇನೆ. ವಿಂಡೋಸ್ 10ಕ್ಕೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಎಂಬ ಏರ್ಪಾಡನ್ನು 2026ರ ಅಕ್ಟೋಬರ್ 13ರವರೆಗೆ ಪ್ರಕಟಿಸಿದ್ದಾರೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ, ಸೆಟ್ಟಿಂಗ್ಸ್‌ನ ಬ್ಯಾಕಪ್ ಆನ್ ಮಾಡಿದರೆ ಹಣ ಕೊಡದೆಯೇ ನೋಂದಾಯಿಸಿಕೊಳ್ಳಬಹುದು. 64 ಬಿಟ್ ಹಾಕಿಸುವಾಗ ಕೊನೆಯ ಆವೃತ್ತಿಯಾದ 22ಎಚ್2ವನ್ನೇ ಹಾಕಿಸು, ನೋಂದಣಿಗೆ ಅದೇ ಬೇಕು. ಹಾಕಿದ ದಿನವೇ ನೋಂದಾಯಿಸು, ನಾಳೆ ಎನ್ನಬೇಡ. ಮುಗಿದ ಕೆಲಸದ ಆಧಾರ್ ಪ್ರತಿಗಳನ್ನು ದಿನವೂ ಅಂಗಡಿ ಮುಚ್ಚುವ ಮೊದಲು ಅಳಿಸು, ರೀಸೈಕಲ್ ಬಿನ್ನನ್ನೂ ಖಾಲಿ ಮಾಡು. ಅದಕ್ಕೆ ಯಾವ ವಿಂಡೋಸೂ ಬೇಕಾಗಿಲ್ಲ.

ಆ ಗಡುವು ಮುಗಿಯುವಷ್ಟರಲ್ಲಿ ಇನ್ನೊಂದು ದಾರಿ ರೂಢಿಸಿಕೋ. ಮೆಮೊರಿ 8 ಜಿಬಿ ಆದ ಮೇಲೆ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಇದೇ ಯಂತ್ರದಲ್ಲಿ ಸಲೀಸಾಗಿ ನಡೆಯುತ್ತದೆ. ದುಡ್ಡು ಕೊಡಬೇಕಾಗಿಲ್ಲ, 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ. ಬ್ರೌಸರಿನಲ್ಲಿ ಮಾಡುವ ಕೆಲಸಕ್ಕೆ ಏನೂ ವ್ಯತ್ಯಾಸ ಕಾಣುವುದಿಲ್ಲ. ನೀನು ಕಲಿತಿರುವ ನುಡಿಯ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ, ಬೆರಳು ಮರಳಿ ತಿದ್ದಬೇಕಾಗಿಲ್ಲ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡು, ಡಿಸ್ಕಿಗೆ ಏನೂ ಆಗುವುದಿಲ್ಲ.

ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ತಂತ್ರಾಂಶ ಮಾತ್ರ ಅಲ್ಲಿ ಇಲ್ಲ. ಈ ತಂತ್ರಾಂಶದ ಕೊನೆಯ ಆವೃತ್ತಿ ಹೊರಬಂದದ್ದೇ 2001ರಲ್ಲಿ, ಅದಕ್ಕೆ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡ್ ಗೊತ್ತಿಲ್ಲ. ಆದರೂ ನಮ್ಮ ಕಡೆಯ ಪ್ರೆಸ್ಸಿನವರು ಅದನ್ನು ಬಿಡುವುದಿಲ್ಲ, ಲಗ್ನಪತ್ರಿಕೆಯನ್ನು ಈಗಲೂ ನುಡಿಯ ಹಳೆಯ ಫಾಂಟಿನಲ್ಲೇ ಕೇಳುತ್ತಾರೆ. ಅವರ ಹಠದಿಂದ ಹೊಟ್ಟೆ ಉರಿದರೂ ನಿನ್ನ ಸಂಪಾದನೆಯ ಒಂದು ಭಾಗ ಅಲ್ಲಿಂದ ಬರುತ್ತದೆ, ಅವರನ್ನು ಬಿಡಲೂ ಆಗದು. ಅದಕ್ಕಾಗಿ ಹಳೆಯ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸನ್ನೂ ಉಳಿಸಿಕೊಂಡು, ಅದನ್ನು ತೆರೆದಾಗ ಇಂಟರ್‌ನೆಟ್ ತಂತಿ ಕಿತ್ತಿಟ್ಟು ಪತ್ರಿಕೆಯ ಕೆಲಸ ಮಾಡಬಹುದು.

64 ಬಿಟ್‌ಗೆ ಹೋಗುವ ಮೊದಲು ಎರಡು ವಿಷಯಗಳನ್ನು ವಿಚಾರಿಸಬೇಕು. ಒಂದು, ಬಹಳ ಹಳೆಯ ಕೆಲವು ತಂತ್ರಾಂಶಗಳ ಇನ್‌ಸ್ಟಾಲರ್ 16 ಬಿಟ್‌ನದಾಗಿರುತ್ತದೆ, 64 ಬಿಟ್ ವಿಂಡೋಸಿನಲ್ಲಿ ಅದು ನಡೆಯುವುದೇ ಇಲ್ಲ. ಇನ್ನೊಂದು ನಿನ್ನ ಹಳೆಯ ಲೇಸರ್ ಪ್ರಿಂಟರ್. 64 ಬಿಟ್ ವಿಂಡೋಸಿಗೆ ಅದರ ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ತಂತ್ರಾಂಶ ಕೂಡ 64 ಬಿಟ್‌ನದೇ ಬೇಕು. ಡ್ರೈವರ್ ಸಿಗದಿದ್ದರೆ ಕಂಪ್ಯೂಟರ್ ಓಡುತ್ತದೆ, ಅಂಗಡಿ ನಿಲ್ಲುತ್ತದೆ.

ಮೆಮೊರಿ ಕೊಳ್ಳುವ ವಿಷಯ. ನಿನ್ನ ಬೋರ್ಡು ಎಚ್81 ಜಾತಿಯದು, ಎರಡು ಸ್ಲಾಟ್, ಒಟ್ಟು 16 ಜಿಬಿಯವರೆಗೆ ತೆಗೆದುಕೊಳ್ಳುತ್ತದೆ. ಬೇಕಾದದ್ದು ಡೆಸ್ಕ್‌ಟಾಪಿನ ಡಿಡಿಆರ್3 ಎಂಬ ಬಗೆಯ ಮೆಮೊರಿ. ಡಿಡಿಆರ್4 ಕೂರುವುದಿಲ್ಲ, ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಒತ್ತಿ ಕೂರಿಸಲು ಹೋದರೆ ಬೋರ್ಡೇ ಹೋಗುತ್ತದೆ. ಇರುವ 4 ಜಿಬಿ ಕಡ್ಡಿಯ ಮೇಲಿನ ಚೀಟಿ ಓದಿ, ಅದೇ ವೇಗದ ಇನ್ನೊಂದು 4 ಜಿಬಿ ತಂದರೆ ಎರಡೂ ಜೊತೆಯಾಗಿ ದುಡಿಯುತ್ತವೆ. ನಿನ್ನ ಕೆಲಸಕ್ಕೆ 8 ಸಾಕು, 16 ದುಂದು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಚಿಪ್‌ಗಳನ್ನೆಲ್ಲ ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ಹೊಸ ಮೆಮೊರಿಯ ಬೆಲೆ ಏರಿಬಿಟ್ಟಿದೆ. ಆದರೆ ಡಿಡಿಆರ್3 ಹೆಚ್ಚಾಗಿ ಬಳಸಿದ ಮಾಲಾಗಿಯೇ ಸಿಗುತ್ತದೆ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಲಿ, ಮೊದಲ ಅಂಗಡಿಯಲ್ಲೇ ದುಡ್ಡು ಬಿಚ್ಚುವುದು ಬೇಡ. ಬದಲಾಯಿಸಿಕೊಡುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಲಿ.

ಸಿಕ್ಕಿಸುವುದನ್ನು ನೀನೇ ಮಾಡು, ಯಾರೂ ಬೇಕಾಗಿಲ್ಲ. ವಿದ್ಯುತ್ ತಂತಿ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಬಿಡು, ಒಳಗೆ ಉಳಿದ ವಿದ್ಯುತ್ತು ಖಾಲಿಯಾಗಲಿ. ಕ್ಯಾಬಿನೆಟ್ಟಿನ ಕಬ್ಬಿಣವನ್ನು ಮುಟ್ಟಿಕೊಂಡು ಆಮೇಲೆ ಕಡ್ಡಿ ಹಿಡಿ. ಹಳೆಯ ಕಡ್ಡಿಯನ್ನೂ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಊದಿ ಮತ್ತೆ ಹಾಕು. ಎರಡೂ ಬದಿಯ ಕೊಕ್ಕೆಗಳು ತಾವಾಗಿ ಟಕ್ಕೆಂದು ಬೀಳುವವರೆಗೆ ಒತ್ತು. ಬೀಪ್ ಎಂದು ಕೂಗಿ ಪರದೆ ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ, ಸರಿಯಾಗಿ ಕೂತಿಲ್ಲ ಎಂದರ್ಥ, ತೆಗೆದು ಮತ್ತೆ ಹಾಕು. ಆನ್ ಆದ ಮೇಲೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಒಂದು ರಾತ್ರಿ ನಡೆಯಲಿ. ಬಳಸಿದ ಮಾಲಿನ ಬಣ್ಣ ಅದರಲ್ಲಿ ಬಯಲಾಗುತ್ತದೆ.

ಕ್ಯಾಬಿನೆಟ್ ಹೇಗೂ ಬಿಚ್ಚಿರುತ್ತೀಯೆ, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನೂ ಬದಲಾಯಿಸಿಬಿಡು. ಸಿಆರ್2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಕೊಡುತ್ತಾರೆ. ಬೆಳಿಗ್ಗೆ ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಹೋಗಿರುತ್ತದೆ, ಸರ್ಕಾರಿ ಪುಟಗಳು ಸುರಕ್ಷಿತವಲ್ಲ ಎಂದು ತೆರೆಯಲು ಬಿಡುವುದಿಲ್ಲ ಎಂದು ಹೇಳಿದ್ದೆಯಲ್ಲ, ಅದಕ್ಕೆ ಆ ಬ್ಯಾಟರಿಯೇ ಕಾರಣ. ಅದಕ್ಕೂ ವಿಂಡೋಸ್ 11 ಹಾಕಿಸಬೇಕು ಎಂದನಂತೆ ನಿಮ್ಮ ರಿಪೇರಿಯವನು!

ಪ್ರಿಂಟರಿನ ಹಿಂಬದಿಯಲ್ಲಿ ಮಾದರಿಯ ಹೆಸರಿರುವ ಚೀಟಿ ಇರುತ್ತದೆ. ಅದರ ಫೋಟೊ ತೆಗೆದು ಇವತ್ತೇ ಕಳಿಸು, 64 ಬಿಟ್ ಡ್ರೈವರ್ ಇದೆಯೇ ಎಂದು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡ. ಅಮ್ಮನಿಗೆ ನಾನು ಕೇಳಿದೆನೆಂದು ಹೇಳು.

ಇಂತಿ ನಿನ್ನ,
ಅತ್ತೆ